ಉರಿಯದ ಬೆಳಕು

ಎಳ್ಳಮಾವಾಸ್ಯೆಯ ದಿನ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಊರಿಗೆ ಊರೇ ಹೊಲಕ್ಕೆ ಹೋಗಿರುತ್ತದೆ. ಸಜ್ಜೆಯ ಕಡಕ ರೊಟ್ಟಿ, ಹಲವು ಕಾಳು ಹಲವು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ ಇವುಗಳ ಬುತ್ತಿ ಹೊತ್ತು ಹೋಗಿ, ತೆನೆಗಟ್ಟುತ್ತಿರುವ ಮಾಲದಂಡಿ ಜೋಳದ ನಡುವೆ ಚರಗ ಚೆಲ್ಲಿ, ಭೂತಾಯಿಗೆ ಉಣಿಸಿ, ಆಮೇಲೆ ತಾವು ಉಣ್ಣುವುದು ಹಿರಿಯರಿಂದ ಬಂದ ಪದ್ಧತಿ. ಸಂಜೆಗೆ ಎಲ್ಲರೂ ಊರಿಗೆ ಮರಳುತ್ತಾರೆ. ಆ ವರ್ಷ ಇಬ್ಬರು ಮಾತ್ರ ಮರಳಲಿಲ್ಲ. ಒಬ್ಬರು ಮೂವತ್ತಾರು ವರ್ಷ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಗುರೂಜಿ. ಇನ್ನೊಬ್ಬಳು ಸೊಲ್ಲಾಪುರದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಅವರ ಮೊಮ್ಮಗಳು. ಗೆಳತಿಯೊಬ್ಬಳ ಮನೆಯಿಂದ ಅವಳು ಒಂದು ದುರ್ಬೀನು ತಂದಿದ್ದಳು. ಅಮಾವಾಸ್ಯೆಯ ಕತ್ತಲೆಯನ್ನು ಬಿಟ್ಟರೆ ಅದಕ್ಕೆ ತಕ್ಕ ರಾತ್ರಿ ಬೇರೆ ಸಿಗದೆಂದು ಅಜ್ಜನನ್ನು ಹೊಲದ ಗುಡಿಸಲಿನಲ್ಲಿಯೇ ವಸ್ತಿ ಉಳಿಸಿಕೊಂಡಿದ್ದಳು.

ಎಳ್ಳಮಾವಾಸ್ಯೆ ಮಾರ್ಗಶಿರ ಮಾಸದ ಕಡೆಯ ದಿನ. ಆ ಮಾಸದ ಹುಣ್ಣಿಮೆಯಂದು ಚಂದ್ರನು ಮೃಗಶಿರಾ ನಕ್ಷತ್ರದ ಸನಿಹದಲ್ಲಿರುವನೆಂಬುದರಿಂದಲೇ ಮಾಸಕ್ಕೆ ಆ ಹೆಸರು ಬಂದಿದೆ. ಚಂದ್ರನಿಲ್ಲದ ಆ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಅದೇ ನಕ್ಷತ್ರಭಾಗವು ಆಗಸದಲ್ಲಿ ಎತ್ತರಕ್ಕೆ ಏರಿತ್ತು. ಒಕ್ಕಲಿಗನಿಗೆ ಅದು ಹೊಸದಲ್ಲ. ಜೂನ್ ತಿಂಗಳ ಮೊದಲ ವಾರ ಕಳೆದು ಸೂರ್ಯನು ಆ ಭಾಗವನ್ನು ಹೊಕ್ಕಾಗ ‘ಮಿರಗ ಕೂಡಿತು’ ಎಂದು ಬಿತ್ತನೆಯ ಮಾತು ಆರಂಭವಾಗುವುದು ಇದರ ಹೆಸರಿನಿಂದಲೇ.

ಗುರೂಜಿಗೆ ಈ ತಾರಾಪುಂಜದೊಡನೆ ಎರಡು ಭಾಷೆಗಳ ಸಂಬಂಧವಿತ್ತು. ಹೈಸ್ಕೂಲಿನ ಮರಾಠಿ ಪಾಠದಲ್ಲಿ ಅವರು ಕಲಿತದ್ದು ‘ಮೃಗ’ವನ್ನು. ನಾಲ್ಕು ಮೂಲೆಯ ನಾಲ್ಕು ತಾರೆಗಳು ಮೃಗದ ಕಾಲುಗಳು. ನಡುವಿನ ಮೂರು ತಾರೆಗಳು ಅದಕ್ಕೆ ನೆಟ್ಟ ಬಾಣ. ತುಸು ದೂರದಲ್ಲಿ ಜಗಜಗಿಸುವ ಒಂಟಿ ತಾರೆಯೇ ಬಾಣ ಬಿಟ್ಟ ‘ವ್ಯಾಧ’. ಮುಂದೆ ತಾವೇ ಶಿಕ್ಷಕರಾಗಿ ಕನ್ನಡದ ವಿಜ್ಞಾನ ಪುಸ್ತಕಗಳನ್ನು ತೆರೆದಾಗ ಅದೇ ಪುಂಜವು ‘ಮಹಾವ್ಯಾಧ’ನಾಗಿತ್ತು, ನಡುವಿನ ಮೂರು ತಾರೆಗಳು ಅವನ ಸೊಂಟಪಟ್ಟಿಯಾಗಿದ್ದವು, ಒಂಟಿ ತಾರೆಗೆ ‘ಲುಬ್ಧಕ’ನೆಂಬ ಹೆಸರಿತ್ತು. ಒಂದು ಭಾಷೆಯಲ್ಲಿ ಬೇಟೆಗೆ ಸಿಕ್ಕಿದ್ದು ಇನ್ನೊಂದು ಭಾಷೆಯಲ್ಲಿ ಬೇಟೆಗಾರನಾಗಿ ನಿಂತಿತ್ತು. ಇದನ್ನು ಅವರು ಪ್ರತಿವರ್ಷವೂ ಮಕ್ಕಳಿಗೆ ನಗುತ್ತ ಹೇಳುತ್ತಿದ್ದರು. ಅನಂತರ ಮಹಾವ್ಯಾಧನ ಸೊಂಟಪಟ್ಟಿಯ ಕೆಳಗೆ ಖಡ್ಗದಂತೆ ಇಳಿಬಿದ್ದ ಮೂರು ಮಸುಕು ಚುಕ್ಕೆಗಳನ್ನು ತೋರಿಸಿ, ನಡುವಿನದು ಚುಕ್ಕೆಯಲ್ಲ, ನೀಹಾರಿಕೆ ಎಂದು ಕಲಿಸುತ್ತಿದ್ದರು.

ಆ ರಾತ್ರಿ ದುರ್ಬೀನಿನಲ್ಲಿ ಅದನ್ನು ಮೊದಲ ಸಲ ಕಂಡರು. ಬರಿಗಣ್ಣಿಗೆ ಒರೆಸಿದ ಸುಣ್ಣದ ಗುರುತಿನಂತಿದ್ದದ್ದು ಈಗ ಬೂದಿಬಣ್ಣದ ಹೊಗೆಯಂತೆ ಹರಡಿ, ನಡುವೆ ಮೊನಚಾಗಿ ಹೊಳೆಯಿತು. ಬಹಳ ಹೊತ್ತು ಕಣ್ಣು ತೆಗೆಯದೆ ನೋಡಿದ ಗುರೂಜಿ, ಹಳೆಯ ಪಾಠವನ್ನೇ ಒಪ್ಪಿಸುವವರಂತೆ ನುಡಿದರು:

“ಅಲ್ಲಿ ಗ್ಯಾಸ್ ಉರೀಲಿಕ್ಕತ್ಯದ ನೋಡವ್ವಾ. ಅದರ ಬೆಳಕೇ ಇದು.”

ಮೊಮ್ಮಗಳು ಉತ್ತರಿಸಲಿಲ್ಲ. ಅವಳ ಮೌನದಲ್ಲಿ ಏನೋ ಇದೆಯೆಂದು ಮೂವತ್ತಾರು ವರ್ಷ ತರಗತಿಯನ್ನು ಕಂಡ ಕಿವಿಗೆ ತಿಳಿಯಿತು.

“ಯಾಕ, ಅಲ್ಲೇನು?”

“ಉರಿಯೂದಿಲ್ಲ ಅಜ್ಜಾ” ಎಂದಳು ಅವಳು, ಮೆಲ್ಲಗೆ. “ಸಾಲ್ಯಾಗ ಟ್ಯೂಬ್‌ಲೈಟ್ ಇತ್ತಲ್ಲ, ಅದರೊಳಗ ಬೆಂಕಿ ಇತ್ತೇನು?”

ಉರಿಯುವುದೆಂದರೆ ಒಂದು ವಸ್ತುವು ಆಮ್ಲಜನಕದೊಡನೆ ಕೂಡಿ ಬೇರೊಂದಾಗುವುದು. ಒಲೆಯ ಸೌದೆ, ಕಂದೀಲಿನ ಎಣ್ಣೆ ಉರಿಯುವುದು ಹಾಗೆ. ಟ್ಯೂಬ್‌ಲೈಟಿನಲ್ಲಿ ಆ ಕ್ರಿಯೆ ಇಲ್ಲ. ಅದರೊಳಗಿನ ಪಾದರಸದ ಆವಿಯು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಸೂಸುತ್ತದೆ. ಗಾಜಿನ ಒಳಮೈಗೆ ಸವರಿದ ಪುಡಿಯು ಆ ಕಾಣದ ಕಿರಣವನ್ನು ಹೀರಿ ಕಾಣುವ ಬೆಳಕನ್ನು ಹೊರಬಿಡುತ್ತದೆ. ನೀಹಾರಿಕೆಯಲ್ಲಿ ನಡೆಯುವುದು ಇದಕ್ಕೆ ಹತ್ತಿರದ ಸಂಗತಿ. ಅಲ್ಲಿ ಕಾಣದ ಕಿರಣವನ್ನು ಕೊಡುವುದು ನಕ್ಷತ್ರ. ಅದನ್ನು ಕಾಣುವ ಬೆಳಕಾಗಿ ಮಾರ್ಪಡಿಸುವುದು ಅನಿಲ.

ಆ ಬೂದಿಬಣ್ಣದ ಹೊಗೆಯ ನಟ್ಟನಡುವೆ ನಾಲ್ಕು ತಾರೆಗಳ ಒಂದು ಚಿಕ್ಕ ಗುಂಪಿದೆ. ಸಣ್ಣ ದುರ್ಬೀನಿಗೆ ಅವು ಬಿಡಿಬಿಡಿಯಾಗಿ ಕಾಣವು; ದೂರದರ್ಶಕಕ್ಕೆ ತ್ರಾಪಿಜ್ಯದ ಆಕಾರದಲ್ಲಿ ತೋರುತ್ತವೆ. ಅವುಗಳಲ್ಲಿ ‘ಥೀಟಾ-1 ಓರಾಯನಿಸ್ ಸಿ’ ಎಂಬುದೇ ಹಿರಿಯದು. ಅದರ ದ್ರವ್ಯರಾಶಿ ಸೂರ್ಯನ ಮೂವತ್ತು ಪಟ್ಟಿಗೂ ಮಿಗಿಲು. ಸೂರ್ಯನ ಮೇಲ್ಮೈ ತಾಪ ಸುಮಾರು 5,800 ಕೆಲ್ವಿನ್ ಆದರೆ ಇದರದು 39,000ದ ಆಸುಪಾಸು. ಇಷ್ಟು ಕಾದ ತಾರೆಯು ತನ್ನ ಶಕ್ತಿಯ ಬಹುಪಾಲನ್ನು ಕಣ್ಣಿಗೆ ಕಾಣದ ನೇರಳಾತೀತ ಕಿರಣವಾಗಿಯೇ ಚೆಲ್ಲುತ್ತದೆ.

ಸುತ್ತಲಿನ ಅನಿಲದಲ್ಲಿ ಬಹುಭಾಗ ಜಲಜನಕ. ಒಂದು ಪ್ರೋಟಾನು, ಅದಕ್ಕೆ ಅಂಟಿಕೊಂಡ ಒಂದು ಇಲೆಕ್ಟ್ರಾನು, ಇಷ್ಟೇ ಅದರ ಸಂಸಾರ. ಈ ಜೋಡಿಯನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ 13.6 ಇಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿಯುಳ್ಳ ಕಿರಣವು ತಾಕಿದೊಡನೆ ಇಲೆಕ್ಟ್ರಾನು ಕಿತ್ತುಹೋಗುತ್ತದೆ. ಇದೇ ಅಯಾನೀಕರಣ. ಅದೇ ಮಹಾವ್ಯಾಧನ ಭುಜದಲ್ಲಿ ಕೆಂಪಗೆ ಹೊಳೆಯುವ ಆರ್ದ್ರೆಯು ಸೂರ್ಯನಿಗಿಂತ ಹತ್ತಾರು ಸಾವಿರ ಪಟ್ಟು ಪ್ರಕಾಶಮಾನವಾದರೂ ಅದರ ಮೇಲ್ಮೈ ತಾಪ 3,500 ಕೆಲ್ವಿನ್‌ನಷ್ಟೇ. ಆದುದರಿಂದ ಅದರ ಬೆಳಕಿಗೆ ಜಲಜನಕವನ್ನು ಒಡೆಯುವ ಬಲವಿಲ್ಲ. ಕೃತ್ತಿಕೆಯ ತಾರೆಗಳ ಸುತ್ತಲೂ ತೆಳುವಾದ ನೀಹಾರಿಕೆಯಿದೆ. ಆದರೆ ಅದು ಆ ತಾರೆಗಳ ಬೆಳಕನ್ನು ಧೂಳಿನಿಂದ ಪ್ರತಿಫಲಿಸುವುದೇ ಹೊರತು ತನ್ನದೆಂಬ ಬೆಳಕನ್ನು ಬೀರದು. ಸನಿಹದ ನಕ್ಷತ್ರವು ಎಷ್ಟು ಬಿಸಿಯಾಗಿದೆ ಎಂಬುದರ ಮೇಲೆಯೇ ನೀಹಾರಿಕೆಯು ಸ್ವತಃ ಬೆಳಗುವುದೋ ಅಥವಾ ಬರಿದೆ ಪ್ರತಿಫಲಿಸುವುದೋ ನಿರ್ಧಾರವಾಗುತ್ತದೆಂದು ಎಡ್ವಿನ್ ಹಬಲ್ 1922ರಲ್ಲಿ ತೋರಿಸಿಕೊಟ್ಟರು.

“ಹಂಗಾದ್ರ ಮುರಿಯುವಾಗ ಬೆಳಕು ಬರ್ತದೇನು?” ಎಂದು ಗುರೂಜಿ ಕೇಳಿದರು.

“ಇಲ್ಲಜ್ಜಾ. ಮುರಿಯುವಾಗ ಅದು ಬೆಳಕು ನುಂಗತದ. ತಿರುಗಿ ಕೂಡುವಾಗ ಕೊಡತದ.”

ಕಿತ್ತುಹೋದ ಇಲೆಕ್ಟ್ರಾನು ಒಂಟಿಯಾಗಿ ಅಲೆಯುತ್ತದೆ. ಅಲ್ಲಿಯ ಅನಿಲ ಅಷ್ಟು ವಿರಳ. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿರುತ್ತವೆ. ನೀಹಾರಿಕೆಯ ಅಷ್ಟೇ ಜಾಗದಲ್ಲಿ ಬಹುಮಟ್ಟಿಗೆ ಇರುವುವು ಕೆಲವು ನೂರು ಇಲ್ಲವೆ ಕೆಲವು ಸಾವಿರ ಕಣಗಳು. ಹೀಗಾಗಿ ಒಂಟಿ ಇಲೆಕ್ಟ್ರಾನಿಗೆ ಜೊತೆಯ ಪ್ರೋಟಾನು ಸಿಗಲು ವರ್ಷಗಳೇ ಹಿಡಿಯಬಹುದು. ಸಿಕ್ಕಮೇಲೆಯೂ ಅದು ಹಲವು ವೇಳೆ ಒಮ್ಮೆಲೆ ತಳಕ್ಕೆ ಇಳಿಯುವುದಿಲ್ಲ. ಬಾವಿಯ ಪಾವಟಿಗೆಗಳನ್ನು ಇಳಿದಂತೆ ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ಇಳಿಯುತ್ತದೆ. ಪ್ರತಿಯೊಂದು ಇಳಿತದಲ್ಲಿಯೂ ಒಂದು ನಿಶ್ಚಿತ ಬಣ್ಣದ ಬೆಳಕನ್ನು ಬಿಡುತ್ತದೆ. ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿದಾಗ ಬರುವುದು ಕೆಂಪು. ಛಾಯಾಚಿತ್ರಗಳಲ್ಲಿ ನೀಹಾರಿಕೆಗಳು ಕೆಂಪಗೆ ಕಾಣುವುದು ಇದರಿಂದ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ತಿಳಿಯದ ಕಾರಣ ದುರ್ಬೀನಿನಲ್ಲಿ ಕಂಡದ್ದು ಬರಿಯ ಬೂದಿಬಣ್ಣ.

ಒಂದು ಕಡೆ ನಕ್ಷತ್ರವು ಮುರಿಯುತ್ತಲೇ ಇರುತ್ತದೆ. ಇನ್ನೊಂದು ಕಡೆ ಮುರಿದವು ಕೂಡುತ್ತಲೇ ಇರುತ್ತವೆ. ಎರಡೂ ಸರಿಸಮವಾಗುವ ದೂರದವರೆಗೆ ನೀಹಾರಿಕೆ ಬೆಳಗುತ್ತದೆ. ಅದರಾಚೆಯ ಜಲಜನಕವು ಮುರಿಯದೆ ಕತ್ತಲೆಯಲ್ಲಿ ಉಳಿಯುತ್ತದೆ. ಈ ಎಲ್ಲೆಯ ಲೆಕ್ಕವನ್ನು 1939ರಲ್ಲಿ ಡೆನ್ಮಾರ್ಕಿನ ಬೆಂಗ್ಟ್ ಸ್ಟ್ರೋಮ್‌ಗ್ರೆನ್ ಮಾಡಿದರು. ನಕ್ಷತ್ರದ ವಾತಾವರಣದಲ್ಲಿ ಎಷ್ಟು ತಾಪಕ್ಕೆ, ಎಷ್ಟು ಒತ್ತಡಕ್ಕೆ ಎಷ್ಟು ಪರಮಾಣುಗಳು ಅಯಾನುಗಳಾಗುತ್ತವೆಂಬ ಸೂತ್ರವನ್ನು ಅದಕ್ಕೂ ಮೊದಲು, 1920ರಲ್ಲಿ, ನಮ್ಮ ದೇಶದವರೇ ಆದ ಮೇಘನಾದ ಸಹಾ ಕೊಟ್ಟಿದ್ದರು.

ಇಷ್ಟನ್ನು ಕೇಳಿದ ಮೇಲೆ ಗುರೂಜಿ ದುರ್ಬೀನನ್ನು ಕೆಳಗಿಟ್ಟರು. ಕಂಬಳಿಯನ್ನು ಮೈಗೆ ಸುತ್ತಿಕೊಂಡು ಕುಳಿತರು. ಮೊಮ್ಮಗಳು ಅವರಿಗೆ ಚಳಿಯಾಯಿತೆಂದು ತಿಳಿದಳು. ಸಂಗತಿ ಬೇರೆಯಾಗಿತ್ತು. ಅವರು ಮನಸ್ಸಿನಲ್ಲಿ ಎಣಿಸುತ್ತಿದ್ದರು. ವರ್ಷಕ್ಕೊಂದು ತಂಡ, ತಂಡಕ್ಕೆ ಇಪ್ಪತ್ತೈದು ಮೂವತ್ತು ಮಕ್ಕಳು. ಐದನೆಯ ಇಯತ್ತೆಯ ಅಷ್ಟೂ ಮಕ್ಕಳನ್ನು ಚಳಿಗಾಲದ ಒಂದು ರಾತ್ರಿ ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಬೆರಳೆತ್ತಿ, “ಅಲ್ಲಿ ಗ್ಯಾಸ್ ಉರೀಲಿಕ್ಕತ್ಯದ” ಎಂದಿದ್ದರು. ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ. ‘ಹೊಳೆಯುವ ಅನಿಲ’ ಎಂದಷ್ಟೇ ಇತ್ತು. ಹೊಳೆಯುವುದನ್ನು ಉರಿಯುವುದೆಂದು ಮಾಡಿದ್ದು ಅವರೇ. ಮಕ್ಕಳಿಗೆ ತಿಳಿಯಲೆಂದು ಮಾಡಿದ್ದು. ಶಿಕ್ಷಕನ ಬಾಳಿನಲ್ಲಿ ದೊಡ್ಡ ತಪ್ಪುಗಳಿಗಿಂತ ಇಂಥ ಸಣ್ಣ ಸರಳೀಕರಣಗಳೇ ಹೆಚ್ಚು. ಅವು ಯಾವ ಪರೀಕ್ಷೆಯಲ್ಲಿಯೂ ಸಿಕ್ಕಿಬೀಳವು, ಅಷ್ಟರಿಂದಲೇ ಉಳಿದುಬಿಡುತ್ತವೆ.

“ಹತ್ತಿರ ಹತ್ತಿರ ಸಾವಿರ ಹುಡುಗರಿಗೆ ತಪ್ಪ ಹೇಳೀನವ್ವಾ” ಎಂದರು.

ಮೊಮ್ಮಗಳು ಸಮಾಧಾನ ಹೇಳಲು ಹೋಗಲಿಲ್ಲ. ಬದಲಾಗಿ ಒಂದು ಹಳೆಯ ಪ್ರಸಂಗವನ್ನು ಹೇಳಿದಳು.

ಲಂಡನ್ನಿನ ವಿಲಿಯಂ ಹಗ್ಗಿನ್ಸ್ ರೇಷ್ಮೆ ಬಟ್ಟೆಯ ವ್ಯಾಪಾರದ ಮನೆತನದವರು. ಅಂಗಡಿಯನ್ನು ಮಾರಿ, ಟಲ್ಸ್ ಹಿಲ್ ಎಂಬಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಕೊಂಡು, ದೂರದರ್ಶಕಕ್ಕೆ ರೋಹಿತದರ್ಶಕವನ್ನು ಜೋಡಿಸಿ ತಾರೆಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುತ್ತಿದ್ದರು. ಆ ಕಾಲಕ್ಕೆ ನೀಹಾರಿಕೆಗಳು ದೂರದಿಂದಾಗಿ ಒಂದಾಗಿ ತೋರುವ ತಾರೆಗಳ ರಾಶಿಗಳೋ ಅಥವಾ ನಿಜಕ್ಕೂ ಅನಿಲದ ಮೋಡಗಳೋ ಎಂಬ ವಾದ ನಡೆದಿತ್ತು. 1864ರ ಆಗಸ್ಟ್ 29ರ ರಾತ್ರಿ ಅವರು ಡ್ರೇಕೋ ತಾರಾಪುಂಜದ ಒಂದು ನೀಹಾರಿಕೆಯತ್ತ ದೂರದರ್ಶಕವನ್ನು ತಿರುಗಿಸಿದರು. ತಾರೆಗಳ ರಾಶಿಯಾಗಿದ್ದರೆ ಕಾಮನಬಿಲ್ಲಿನಂತಹ ಅಖಂಡ ಬಣ್ಣಪಟ್ಟಿ ಕಾಣಬೇಕಿತ್ತು. ಕಂಡದ್ದು ಕತ್ತಲೆಯಲ್ಲಿ ಹೊಳೆಯುವ ಗೆರೆಗಳು ಮಾತ್ರ. ಉಪಕರಣವೇ ಸ್ಥಾನ ತಪ್ಪಿರಬೇಕೆಂದು ಮೊದಲು ಶಂಕಿಸಿ, ಮತ್ತೆ ನೋಡಿ ನಿಶ್ಚಯಿಸಿಕೊಂಡರು. ಬಿಡಿ ಗೆರೆಗಳ ಬೆಳಕು ವಿರಳವಾದ ಅನಿಲದ್ದು. ಮಹಾವ್ಯಾಧನ ನೀಹಾರಿಕೆಯಲ್ಲಿಯೂ ಮುಂದೆ ಅದೇ ಕಂಡಿತು.

ಗೆರೆಗಳಲ್ಲಿ ಒಂದು ಜಲಜನಕದ್ದೆಂದು ಗೊತ್ತಾಯಿತು. ಎಲ್ಲಕ್ಕಿಂತ ಪ್ರಕಾಶವಾಗಿದ್ದ ಹಸಿರು ಗೆರೆಯನ್ನು ಹಗ್ಗಿನ್ಸ್ ಮೊದಲು ಸಾರಜನಕದ್ದೆಂದು ಭಾವಿಸಿದರು, ಹೊಂದಲಿಲ್ಲ. ಭೂಮಿಯ ಮೇಲಿನ ಯಾವ ಮೂಲವಸ್ತುವಿಗೂ ಅದು ಹೊಂದಲಿಲ್ಲ. ಕಡೆಗೆ ಅದು ಭೂಮಿಯಲ್ಲಿಲ್ಲದ ಹೊಸದೊಂದು ಮೂಲವಸ್ತುವಿನದೆಂಬ ನಂಬಿಕೆ ಬೆಳೆಯಿತು; ಅದಕ್ಕೆ ‘ನೆಬ್ಯುಲಿಯಂ’ ಎಂದು ಹೆಸರಾಯಿತು. ಹಾಗೆ ನಂಬಲು ಕಾರಣವೂ ಇತ್ತು. 1868ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ನಿಂತು ಫ್ರಾನ್ಸಿನ ಜಾನ್ಸನ್ ವೀಕ್ಷಿಸಿದ ಆ ವರ್ಷವೇ ಸೂರ್ಯನ ರೋಹಿತದಲ್ಲಿ ಗುರುತು ಸಿಗದ ಹಳದಿ ಗೆರೆಯೊಂದು ಗಮನಕ್ಕೆ ಬಂದು, ಅದಕ್ಕೆ ‘ಹೀಲಿಯಂ’ ಎಂದು ಹೆಸರಿಟ್ಟಿದ್ದರು. 1895ರಲ್ಲಿ ಅದು ಭೂಮಿಯಲ್ಲಿಯೂ ದೊರೆತಿತ್ತು. ಹೀಲಿಯಂ ಸಿಕ್ಕಂತೆ ನೆಬ್ಯುಲಿಯಂ ಕೂಡ ಒಂದು ದಿನ ಸಿಕ್ಕೀತೆಂದು ಎಲ್ಲರೂ ಕಾದರು.

ಸಿಗಲಿಲ್ಲ. ಇರಲೇ ಇಲ್ಲವಾದ್ದರಿಂದ ಸಿಗುವಂತಿರಲಿಲ್ಲ. 1927ರಲ್ಲಿ ಅಮೆರಿಕೆಯ ಐರಾ ಬೋವೆನ್ ಒಗಟನ್ನು ಬಿಡಿಸಿದರು. ಆ ಹಸಿರು ಗೆರೆ ಎರಡು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ್ದಾಗಿತ್ತು. ಭೂಮಿಯ ಪ್ರಯೋಗಶಾಲೆಯಲ್ಲಿ ಅಂಥ ಅಯಾನು ಆ ಬೆಳಕನ್ನು ಬಿಡುವ ಮೊದಲೇ ಇನ್ನೊಂದು ಕಣವು ಬಂದು ಡಿಕ್ಕಿ ಹೊಡೆದು ಅದರ ಶಕ್ತಿಯನ್ನು ಕಸಿಯುತ್ತದೆ. ನೀಹಾರಿಕೆಯ ವಿರಳತೆಯಲ್ಲಿ ಡಿಕ್ಕಿ ಹೊಡೆಯುವವರಿಲ್ಲ. ಆ ಅಯಾನಿಗೆ ತಡಮಾಡುವಷ್ಟು ಪುರಸೊತ್ತಿದೆ. ಲೋಕದಲ್ಲಿಲ್ಲದ ವಸ್ತುವೆಂದು ಅರವತ್ತಕ್ಕೂ ಹೆಚ್ಚು ವರ್ಷ ಹುಡುಕಿದ್ದು ಎಲ್ಲರ ಉಸಿರಿನಲ್ಲಿಯೇ ಇತ್ತು.

“ಹಗ್ಗಿನ್ಸ್ ಅವರಿಗೆ ಗೊತ್ತಾತೇನು ಇದು?” ಎಂದು ಗುರೂಜಿ ಕೇಳಿದರು.

“ಇಲ್ಲಜ್ಜಾ. 1910ರಾಗೇ ತೀರಿಕೊಂಡಿದ್ರು.”

ಗುರೂಜಿ ಬಹಳ ಹೊತ್ತು ಮಾತಾಡಲಿಲ್ಲ. ಹಗ್ಗಿನ್ಸ್ ಹೇಳಿದ್ದರಲ್ಲಿ ಮುಖ್ಯವಾದುದು ನಿಂತಿತು: ಅದು ಅನಿಲವೇ. ಹಸಿರು ಗೆರೆಯ ಲೆಕ್ಕ ಮಾತ್ರ ತಪ್ಪಿತು. ಆದರೆ ತಪ್ಪಿದ್ದನ್ನು ತಿದ್ದಿಕೊಳ್ಳಲು ಅವರಿಗೆ ಕಾಲ ಸಾಲಲಿಲ್ಲ. ಪಾಠ ಹೇಳಿದವನು ಬದುಕಿರುವಾಗಲೇ, ಕೇಳಿದವರೂ ಬದುಕಿರುವಾಗಲೇ ತಿದ್ದುಪಡಿ ಬಂದು ಮುಟ್ಟುವುದು ಎಲ್ಲರಿಗೂ ದಕ್ಕುವ ಭಾಗ್ಯವಲ್ಲ.

“ಆ ನಡುವಿನ ದೊಡ್ಡ ಚಿಕ್ಕಿ ಎಷ್ಟು ದಿನ ಇರ್ತದ?” ಎಂದು ಕೇಳಿದರು ಅವರು.

“ಭಾಳ ದಿನ ಇಲ್ಲ. ಸೂರ್ಯಗ ಒಂದು ಸಾವಿರ ಕೋಟಿ ವರ್ಷ ಅಂದ್ರ, ಅದಕ ಕೆಲವು ಹತ್ತು ಲಕ್ಷ ವರ್ಷ ಅಷ್ಟ.”

ಮಹಾತಾರೆಗಳ ಸ್ವಭಾವವೇ ಹಾಗೆ. ಇಂಧನ ಹೆಚ್ಚಿದ್ದರೂ ವೆಚ್ಚ ಅದಕ್ಕಿಂತ ಹೆಚ್ಚು. ಇರುವಷ್ಟು ಕಾಲವೂ ಅವುಗಳ ಕಿರಣ ಮತ್ತು ಮಾರುತಗಳು ತಾವು ಹುಟ್ಟಿದ ಮೋಡವನ್ನೇ ಕೊರೆದು ದೂರ ತಳ್ಳುತ್ತಿರುತ್ತವೆ. ಸುತ್ತಲೂ ಈಗಷ್ಟೇ ಹುಟ್ಟಿದ ಕಿರಿಯ ತಾರೆಗಳಿವೆ. ಅವುಗಳ ಸುತ್ತ ಮುಂದೆ ಗ್ರಹಗಳಾಗಬಹುದಾದ ಧೂಳಿನ ತಟ್ಟೆಗಳಿವೆ. ಆ ತಟ್ಟೆಗಳನ್ನೂ ಹಿರಿಯ ತಾರೆಯ ಕಿರಣವು ಸವೆಸುತ್ತಿರುವುದನ್ನು ಹಬಲ್ ದೂರದರ್ಶಕದ ಚಿತ್ರಗಳು ತೋರಿಸಿವೆ. ಬೆಳಗಿಸುವುದೂ ಅದೇ, ಚದುರಿಸುವುದೂ ಅದೇ. ಆ ರಾತ್ರಿ ಹೊಲಕ್ಕೆ ಬಂದು ಮುಟ್ಟಿದ ಬೆಳಕು ಅಲ್ಲಿಂದ ಹೊರಟದ್ದು 1,300ಕ್ಕೂ ಹೆಚ್ಚು ವರ್ಷಗಳ ಹಿಂದೆ, ಬಾದಾಮಿ ಚಾಲುಕ್ಯರ ಕಾಲದಲ್ಲಿ.

ಹನ್ನೊಂದರ ಸುಮಾರಿಗೆ ಬದುವಿನ ಮೇಲೆ ಟಾರ್ಚಿನ ಬೆಳಕು ಕಂಡಿತು. ಮಗ್ಗುಲ ಹೊಲದವನು ಗೋಧಿಗೆ ನೀರು ಹಾಯಿಸಲು ಬಂದಿದ್ದನು. ಹಬ್ಬವೆಂದು ಪಂಪಿನ ಕರೆಂಟಿನ ಸರದಿ ಬದಲಾಗುವುದಿಲ್ಲ. ಆ ವಾರ ಅವನ ಪಾಲಿಗೆ ರಾತ್ರಿಯ ಸರದಿ ಬಂದಿತ್ತು. ಐವತ್ತರ ಹತ್ತಿರ ಬಂದ ಅವನೂ ಒಂದು ಕಾಲಕ್ಕೆ ಶಾಲೆಯ ಅಂಗಳದಲ್ಲಿ ತಲೆಯೆತ್ತಿ ನಿಂತಿದ್ದ ಹುಡುಗರಲ್ಲಿ ಒಬ್ಬ.

“ಇನ್ನೂ ಮಲಗಿಲ್ಲೇನ್ರಿ ಗುರೂಜಿ?” ಎನ್ನುತ್ತ ಬಂದು, ಸಲಿಕೆಯನ್ನು ನೆಲಕ್ಕೂರಿ ನಿಂತನು.

ಗುರೂಜಿ ಎದ್ದು ನಿಂತರು. ಮೊಮ್ಮಗಳಿಗೆ ಅದು ಆಶ್ಚರ್ಯವೆನಿಸಿತು. ಮೊಣಕಾಲು ನೋವಿನವರು, ಕುಳಿತಲ್ಲಿಂದಲೇ ಎಲ್ಲರನ್ನೂ ಮಾತಾಡಿಸುವವರು.

“ನಿನಗೊಂದು ಮಾತು ಹೇಳೂದದ. ಆ ಮೂರು ಚಿಕ್ಕಿ ತೆಳಗ ಮಸುಕು ಅದ ನೋಡು. ಐದನೇ ಇಯತ್ತೆಯಾಗ ತೋರ್ಸಿದ್ದೆ.”

“ಹೌದ್ರಿ. ಗ್ಯಾಸ್ ಉರೀತದ ಅಂದಿದ್ರಿ.”

ಅವನಿಗೆ ನೆನಪಿತ್ತು. ನೆನಪಿರದಿದ್ದರೆ ಎಷ್ಟು ಹಗುರವಾಗುತ್ತಿತ್ತೆಂದು ಗುರೂಜಿಗೆ ಆ ಕ್ಷಣ ಅನಿಸಿರಬಹುದು.

“ಅದು ತಪ್ಪಪ್ಪ. ಅಲ್ಲಿ ಏನೂ ಉರಿಯೂದಿಲ್ಲ. ನಡುವ ಒಂದು ಭಾಳ ಕಾದ ಚಿಕ್ಕಿ ಅದ. ಅದರ ಕಾಣದ ಕಿರಣ ಸುತ್ತಲಿನ ಗ್ಯಾಸಿನ ಕಣ ಒಡೀತದ. ಒಡೆದದ್ದು ತಿರುಗಿ ಕೂಡುವಾಗ ಬೆಳಕು ಬೀಳತದ. ನಾವು ನೋಡೂದು ಆ ಕೂಡೂ ಬೆಳಕು. ನಾನೇ ತಪ್ಪ ಹೇಳಿದ್ದೆ.”

ಅವನು ದುರ್ಬೀನನ್ನು ಇಸಿದುಕೊಂಡು ನೋಡಿದನು. ಒದ್ದೆ ಕೈಯಾದ್ದರಿಂದ ಧೋತರಕ್ಕೆ ಎರಡು ಸಲ ಒರೆಸಿಕೊಂಡು ಹಿಡಿದನು. ಮರಳಿ ಕೊಡುವಾಗ ಅವನ ಮುಖದಲ್ಲಿ ನಗೆಯಿರಲಿಲ್ಲ. ಏನೋ ಲೆಕ್ಕ ಹಾಕುವವನಂತಿದ್ದನು.

“ಹಂಗಾದ್ರ ನನ್ನ ಮಗಳಿಗೂ ಹೇಳಬೇಕ್ರಿ” ಎಂದನು. “ಹ್ವಾದ ವರ್ಷ ಇಲ್ಲೇ ನಿಂತು ಆಕಿಗೂ ನಾ ಉರೀತದಂತಲೇ ಹೇಳೀನಿ. ಗುರೂಜಿ ಹೇಳ್ಯಾರ ಅಂತ ಹೇಳೀನಿ.”

“ಗುರೂಜಿ ತಿದ್ಯಾರ ಅಂತ ಹೇಳು” ಎಂದರು ಗುರೂಜಿ.

ದೂರದಲ್ಲಿ ಗೋಧಿಯ ಮಡಿ ತುಂಬಿ ನೀರು ಬದು ಮೀರುವ ಸದ್ದಾಯಿತು. ಅವನು ಸಲಿಕೆ ಎತ್ತಿಕೊಂಡು ಬಿರಬಿರನೆ ಹೆಜ್ಜೆಹಾಕಿದನು. ಟಾರ್ಚಿನ ಬೆಳಕು ಸಾಲಿನುದ್ದಕ್ಕೂ ಸರಿದು, ಒಡ್ಡು ಒಡೆದು ನೀರನ್ನು ಮುಂದಿನ ಮಡಿಗೆ ತಿರುವಿದ ಮೇಲೆ ಒಂದೆಡೆ ನಿಂತಿತು. ಅವನು ಅಲ್ಲಿಂದ ಒಮ್ಮೆ ತಲೆಯೆತ್ತಿ ನೋಡಿದ್ದನ್ನು ಮೊಮ್ಮಗಳು ಕಂಡಳು. ಗುರೂಜಿ ಆಗಲೇ ಗುಡಿಸಲಿನಲ್ಲಿ ತಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಯಾರ ಫೋನ್ ನಂಬರುಗಳು ತಮ್ಮಲ್ಲಿವೆಯೆಂದು ಡೈರಿಯನ್ನು ಹುಡುಕುತ್ತಿದ್ದರು.